ಸಿನಿಮಾ ತಾರೆಗೆ ‘ನೀನು’ ಅನ್ನುವುದು ಯಾವಾಗ

‘ನಾಟಿಂಗ್ ಹಿಲ್’ ಚಿತ್ರಕ್ಕೆ ಕನ್ನಡದಲ್ಲಿ ಅಡಿಬರಹ (ಸಬ್‌ಟೈಟಲ್) ಬರೆಯುವ ಕೆಲಸಕ್ಕೆ ನಾನು ಕೈಹಾಕಿದ್ದು ಅಮ್ಮ ಕೇಳಿದ ಒಂದು ಪ್ರಶ್ನೆಯಿಂದ. ಒಂದು ಭಾನುವಾರ ಮಧ್ಯಾಹ್ನ ನಾನು ಎಷ್ಟನೆಯದೋ ಸಲ ಆ ಚಿತ್ರವನ್ನು ನೋಡುತ್ತಿದ್ದಾಗ, ಪಕ್ಕದಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಾ ಕುಳಿತಿದ್ದ ಅಮ್ಮ ಅರ್ಧ ಗಂಟೆ ಸುಮ್ಮನೆ ನೋಡಿ, “ಅವಳೇನು ರಾಜಕುಮಾರಿಯೇನೇ? ಎಲ್ಲರೂ ಯಾಕೆ ಅವಳನ್ನ ಕಂಡ್ರೆ ಹಾಗೆ ತಡಬಡಾಯಿಸ್ತಾರೆ?” ಎಂದು ಕೇಳಿದಳು. ರಾಜಕುಮಾರಿಯಲ್ಲ, ಸಿನಿಮಾ ತಾರೆ, ಅವನು ಒಂದು ಪುಸ್ತಕದ ಅಂಗಡಿ ಇಟ್ಟುಕೊಂಡವನು, ಇಬ್ಬರಿಗೂ ಪ್ರೀತಿ ಆಗುತ್ತದೆ ಎಂದು ಹೇಳಿದೆ. “ಅಂಗಡಿಯವನನ್ನ ಸಿನಿಮಾದವಳು ಮದುವೆ ಆಗ್ತಾಳಾ?” ಎಂದಳು. ನೋಡಿದರೆ ಗೊತ್ತಾಗುತ್ತದೆ ಎಂದೆ. “ಮಾತು ಅರ್ಥವಾದ್ರೆ ತಾನೇ ನೋಡೋದು” ಎಂದು ಹೇಳಿ ಹುರುಳಿಕಾಯಿಯ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

1999ರಲ್ಲಿ ತೆರೆಕಂಡ ಈ ಚಿತ್ರವನ್ನು ಬರೆದವರು ರಿಚರ್ಡ್ ಕರ್ಟಿಸ್, ನಿರ್ದೇಶಿಸಿದವರು ರೋಜರ್ ಮಿಶೆಲ್. ಲಂಡನ್ನಿನ ಪಶ್ಚಿಮ ಭಾಗದ ನಾಟಿಂಗ್ ಹಿಲ್ ಎಂಬ ಬಡಾವಣೆಯಲ್ಲಿ ಪ್ರವಾಸದ ಪುಸ್ತಕಗಳನ್ನಷ್ಟೇ ಮಾರುವ, ಲಾಭದ ಮುಖವನ್ನೇ ಕಾಣದ ಒಂದು ಪುಟ್ಟ ಅಂಗಡಿಯ ಒಡೆಯ ವಿಲಿಯಂ ಥ್ಯಾಕರ್. ಅವನ ಅಂಗಡಿಗೆ ಒಂದು ದಿನ ಸದ್ದಿಲ್ಲದೆ ಕಾಲಿಡುವವಳು ಜಗತ್ತೆಲ್ಲ ಬಲ್ಲ ಹಾಲಿವುಡ್ ತಾರೆ ಆನಾ ಸ್ಕಾಟ್. ಅವನಾಗಿ ಹ್ಯೂ ಗ್ರಾಂಟ್ ಅವರೂ ಅವಳಾಗಿ ಜೂಲಿಯಾ ರಾಬರ್ಟ್ಸ್ ಅವರೂ ನಟಿಸಿದ್ದಾರೆ. ಅಂಗಡಿಯ ಕಲ್ಪನೆಗೆ ಮೂಲವಾಗಿದ್ದು ಅಲ್ಲಿಯ ಬ್ಲೆನ್‌ಹೈಮ್ ಕ್ರೆಸೆಂಟ್ ಎಂಬ ಬೀದಿಯಲ್ಲಿ ನಿಜವಾಗಿಯೂ ಇದ್ದ ಪ್ರವಾಸ ಪುಸ್ತಕಗಳ ಮಳಿಗೆ. ಅದು 2011ರಲ್ಲಿ ಬಾಗಿಲು ಹಾಕಿತು. ಚಿತ್ರದಲ್ಲಿ ಕಾಣುವ ವಿಲಿಯಂನ ಮನೆಯ ನೀಲಿ ಬಾಗಿಲು ಕರ್ಟಿಸ್ ಅವರ ಸ್ವಂತ ಮನೆಯದೇ ಆಗಿತ್ತು.

ಅಮ್ಮನಂಥವರಿಗೆ ಇಂಥ ಚಿತ್ರಗಳು ಕನ್ನಡದಲ್ಲಿ ಸಿಗದಿರುವುದಕ್ಕೆ ಒಂದು ಹಿನ್ನೆಲೆ ಇದೆ. 1960ರ ದಶಕದಿಂದ ನಮ್ಮ ಚಿತ್ರರಂಗ ಡಬ್ಬಿಂಗನ್ನು ಒಗ್ಗಟ್ಟಾಗಿ ದೂರವಿಟ್ಟಿತ್ತು. ಅದು ಕಾನೂನಿನ ನಿಷೇಧವಾಗಿರದೆ ಚಿತ್ರರಂಗದವರು ತಮ್ಮೊಳಗೆ ಹಾಕಿಕೊಂಡ ಕಟ್ಟುಪಾಡಾಗಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆ ತಡೆಯನ್ನು ಒಪ್ಪದೆ ಆದೇಶ ನೀಡಿದ ಮೇಲೆ ಕನ್ನಡಕ್ಕೆ ಡಬ್ ಆದ ಚಿತ್ರಗಳು ಬರತೊಡಗಿದವು. ಆದರೆ ಹಾಗೆ ಬರುವವುಗಳಲ್ಲಿ ಹೊಡೆದಾಟದವೇ ಹೆಚ್ಚು. ಇಬ್ಬರು ಕುಳಿತು ಮಾತನಾಡುವುದೇ ಮುಖ್ಯವಾಗಿರುವ ಹಳೆಯ ಬ್ರಿಟಿಷ್ ಚಿತ್ರವೊಂದಕ್ಕೆ ಯಾರು ದುಡ್ಡು ಹಾಕುತ್ತಾರೆ? ನನ್ನ ಬಳಿ ದುಡ್ಡು ಕೊಟ್ಟು ತೆಗೆದುಕೊಂಡ ಡಿಸ್ಕ್ ಇತ್ತು. ಮನೆಯಲ್ಲಿ ಅಮ್ಮ ನೋಡುವುದಕ್ಕಷ್ಟೇ ಅಡಿಬರಹ ಬೇಕಿತ್ತು. ಹದಿನೈದು ದಿನದ ಕೆಲಸ ಎಂದುಕೊಂಡೆ. ನಾಲ್ಕು ತಿಂಗಳಾಯಿತು.

ಅಡಿಬರಹದ ಕಡತ ನೋಡುವುದಕ್ಕೆ ಬಹಳ ಸರಳ. ಒಂದು ಕ್ರಮಸಂಖ್ಯೆ, ಅದರ ಕೆಳಗೆ ಮಾತು ಮೂಡುವ ಮತ್ತು ಮರೆಯಾಗುವ ಹೊತ್ತು, ಅದರ ಕೆಳಗೆ ಒಂದು ಅಥವಾ ಎರಡು ಸಾಲಿನ ಮಾತು, ಆಮೇಲೆ ಒಂದು ಖಾಲಿ ಸಾಲು. ಇಂಥ ಒಂದೂವರೆ ಸಾವಿರಕ್ಕೂ ಹೆಚ್ಚು ತುಣುಕುಗಳು. ಇಂಗ್ಲಿಷಿನ ಕಡತವೊಂದನ್ನು ತೆಗೆದುಕೊಂಡು ಅದರ ಹೊತ್ತುಗಳನ್ನು ಹಾಗೆಯೇ ಇಟ್ಟುಕೊಂಡು ಮಾತನ್ನು ಮಾತ್ರ ಬದಲಾಯಿಸಿದರಾಯಿತು ಎಂಬ ನನ್ನ ಲೆಕ್ಕ ಮೊದಲ ವಾರದಲ್ಲೇ ಕೈಕೊಟ್ಟಿತು. ಸಿನಿಮಾವನ್ನು ಸೆಕೆಂಡಿಗೆ 24 ಚೌಕಟ್ಟುಗಳಂತೆ ಚಿತ್ರಿಸಿರುತ್ತಾರೆ. ಯುರೋಪಿನ ಟೀವಿ ಪದ್ಧತಿಗೆ ತಯಾರಾದ ಡಿಸ್ಕುಗಳು ಅದನ್ನೇ ಸೆಕೆಂಡಿಗೆ 25ರಂತೆ ಓಡಿಸುವುದರಿಂದ 124 ನಿಮಿಷದ ಚಿತ್ರ ಅಲ್ಲಿ ಸುಮಾರು 119 ನಿಮಿಷಕ್ಕೇ ಮುಗಿದುಹೋಗುತ್ತದೆ. ನನ್ನ ಡಿಸ್ಕ್ ಅಂಥದ್ದಲ್ಲ, ಆದರೆ ನನಗೆ ಸಿಕ್ಕಿದ್ದು ಅಂಥ ಡಿಸ್ಕಿಗೆ ಹೊಂದಿಸಿದ ಕಡತ. ಮೊದಲ ನಿಮಿಷದಲ್ಲಿ ಅಷ್ಟಾಗಿ ಗೊತ್ತಾಗದ ವ್ಯತ್ಯಾಸ ಒಂದು ಗಂಟೆಯ ಹೊತ್ತಿಗೆ ಎರಡು ನಿಮಿಷ ದಾಟಿತ್ತು. ಆನಾ ಇನ್ನೂ ಬಾಗಿಲು ತಟ್ಟುತ್ತಿರುವಾಗಲೇ ಅವಳು ಒಳಗೆ ಕುಳಿತು ಅತ್ತ ಮಾತು ಕೆಳಗೆ ಮೂಡಿ ಮರೆಯಾಗುತ್ತಿತ್ತು. ಎಲ್ಲ ಹೊತ್ತುಗಳನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿದರೆ ಸರಿಹೋಗುತ್ತದೆ ಎಂದು ತಿಳಿಯುವ ಮೊದಲು ಇನ್ನೂರಕ್ಕೂ ಹೆಚ್ಚು ತುಣುಕುಗಳನ್ನು ಒಂದೊಂದಾಗಿ ಕೈಯಿಂದ ಸರಿಸಿದ್ದೆನೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಎರಡನೆಯ ತೊಡಕು ನಮ್ಮ ಲಿಪಿಯದು. ಸಾಲಿಗೆ ಇಷ್ಟು ಅಕ್ಷರ ಎಂದು ಮಿತಿ ಹಾಕುವ ತಂತ್ರಾಂಶ ಕನ್ನಡದ ಒತ್ತು, ಗುಣಿತಗಳನ್ನೆಲ್ಲ ಬೇರೆಬೇರೆಯಾಗಿ ಎಣಿಸುತ್ತದೆ. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ, ಅದರ ಲೆಕ್ಕದಲ್ಲಿ ಆರು. ಹಾಗಾಗಿ ಅದು ಕೊಡುವ ಎಚ್ಚರಿಕೆಯ ಕೆಂಪು ಬಣ್ಣವನ್ನು ನಂಬುವುದನ್ನು ಬಿಟ್ಟು, ಅಮ್ಮನ ಕೈಗೆ ವಾರಪತ್ರಿಕೆಯೊಂದನ್ನು ಕೊಟ್ಟು ಗಡಿಯಾರ ಹಿಡಿದು ಕುಳಿತೆ. ಕನ್ನಡಕ ಹಾಕಿಕೊಂಡು, ಅವಸರವಿಲ್ಲದೆ, ಏಳೆಂಟು ಪದಗಳ ಎರಡು ಸಾಲುಗಳನ್ನು ಓದಲು ಅವಳಿಗೆ ನಾಲ್ಕು ಸೆಕೆಂಡು ಬೇಕಾಗುತ್ತಿತ್ತು. ಅದೇ ನನ್ನ ಅಳತೆಗೋಲಾಯಿತು. ವಿಲಿಯಂ ಒಂದೇ ಉಸಿರಿನಲ್ಲಿ ಹದಿನೈದು ಪದ ಹೇಳಿ ಅದರಲ್ಲಿ ಆರನ್ನು ವಾಪಸು ತೆಗೆದುಕೊಳ್ಳುವ ಗಿರಾಕಿ. ಅವನ ತೊದಲನ್ನೆಲ್ಲ ಬರೆದರೆ ಅಮ್ಮ ಅವನ ಮುಖವನ್ನೇ ನೋಡಲಾರಳು, ಬಿಟ್ಟರೆ ಅವನು ಅವನಾಗಿ ಉಳಿಯುವುದಿಲ್ಲ. ಮೂರು ತೊದಲಿಗೆ ಒಂದನ್ನು ಉಳಿಸಿದೆ.

ಅವನ ‘ಸಾರಿ’ಗಳದ್ದು ಬೇರೆಯೇ ಕಥೆ. ಬೀದಿಯ ತಿರುವಿನಲ್ಲಿ ಆನಾಳಿಗೆ ಡಿಕ್ಕಿ ಹೊಡೆದು ಕಿತ್ತಳೆ ರಸವನ್ನೆಲ್ಲ ಅವಳ ಮೇಲೆ ಚೆಲ್ಲಿದಾಗ ಅವನು ಕೇಳುವ ಕ್ಷಮೆಗೆ ಕೊನೆಯೇ ಇಲ್ಲ. ‘ಕ್ಷಮಿಸಿ’ ಎಂದು ಬರೆದರೆ ಅದು ದೂರದರ್ಶನದ ‘ಅಡಚಣೆಗಾಗಿ ಕ್ಷಮಿಸಿ’ ಆಗುತ್ತದೆ. ನಮ್ಮಲ್ಲಿ ಒಬ್ಬರ ಮೇಲೆ ಕಾಫಿ ಚೆಲ್ಲಿದವರು ಕ್ಷಮೆ ಕೇಳುವುದಿಲ್ಲ, ‘ಅಯ್ಯಯ್ಯೋ’ ಎನ್ನುತ್ತಾರೆ. ಅವನಿಗೂ ಅದನ್ನೇ ಕೊಟ್ಟೆ. ಬರೆಯುವಾಗ ಲಂಡನ್ನಿನವನ ಬಾಯಲ್ಲಿ ‘ಅಯ್ಯಯ್ಯೋ’ ಹೇಗೋ ಏನೋ ಎಂದು ಅಳುಕಿತ್ತು. ಹ್ಯೂ ಗ್ರಾಂಟ್ ಅವರ ಮುಖದ ಕೆಳಗೆ ಅದು ಮೂಡಿದಾಗ ಅಲ್ಲಿಯೇ ಹುಟ್ಟಿದ ಮಾತಿನಂತೆ ಕಂಡಿತು.

ಇಷ್ಟೆಲ್ಲ ಒಂದೂವರೆ ತಿಂಗಳಿನಲ್ಲಿ ಮುಗಿದಿತ್ತು. ಉಳಿದ ಕಾಲವನ್ನೆಲ್ಲ ತಿಂದದ್ದು ಒಂದೇ ಒಂದು ಪದ. ಇಂಗ್ಲಿಷಿನಲ್ಲಿ ಒಂದು ಕಾಲಕ್ಕೆ ನಮ್ಮ ‘ನೀನು’ವಿನಂಥ ಸರ್ವನಾಮ ಬೇರೆಯಾಗಿಯೇ ಇತ್ತು, ಅದು ಬಳಕೆ ತಪ್ಪಿ ಈಗ ರಾಣಿಗೂ ನಾಯಿಗೂ ಒಂದೇ ಪದ ಉಳಿದಿದೆ. ಕರ್ಟಿಸ್ ಅವರು ಚಿತ್ರಕಥೆ ಬರೆಯುವಾಗ ಆ ಒಂದೇ ಪದವನ್ನು ಮೊದಲ ದೃಶ್ಯದಿಂದ ಕೊನೆಯ ದೃಶ್ಯದವರೆಗೆ ನಿಶ್ಚಿಂತೆಯಿಂದ ಬಳಸಿಕೊಂಡು ಹೋಗಿದ್ದಾರೆ. ನನಗೆ ಆ ನಿಶ್ಚಿಂತೆ ಇರಲಿಲ್ಲ. ಪುಸ್ತಕದಂಗಡಿಯವನು ಸಿನಿಮಾ ತಾರೆಗೆ ‘ನೀವು’ ಎಂದು ಶುರುಮಾಡುತ್ತಾನೆ, ಸರಿ. ಎಷ್ಟನೆಯ ತುಣುಕಿನಲ್ಲಿ ‘ನೀನು’ ಎನ್ನುತ್ತಾನೆ? ಅವನು ಮೊದಲೋ, ಅವಳು ಮೊದಲೋ? ಕನ್ನಡದಲ್ಲಿ ಕ್ರಿಯಾಪದವೂ ಬಾಯಿಬಿಡುವುದರಿಂದ ‘ಬಂದಿರಾ’, ‘ಬಂದೆಯಾ’ ಎಂಬಲ್ಲಿ ಸರ್ವನಾಮವನ್ನು ನುಂಗಿ ಪಾರಾಗುವಂತೆಯೂ ಇಲ್ಲ. ಚಿತ್ರದ ಕಥೆಯೆಂದರೆ ಸಾಮಾನ್ಯನೊಬ್ಬನಿಗೂ ಪ್ರಸಿದ್ಧಳೊಬ್ಬಳಿಗೂ ನಡುವಿನ ಅಂತರ ಕಡಿಮೆಯಾಗುವ ಕಥೆ. ಇಂಗ್ಲಿಷಿನಲ್ಲಿ ಅದನ್ನು ನಟರು ಮುಖದಲ್ಲಿ ತೋರಿಸುತ್ತಾರೆ, ಕನ್ನಡದಲ್ಲಿ ಅದನ್ನು ಪ್ರತಿ ವಾಕ್ಯದ ಕೊನೆಯಲ್ಲೂ ಅಳೆದು ಬರೆಯಬೇಕು.

ನಮ್ಮಲ್ಲಿ ಸಿನಿಮಾದವರ ವಿಷಯದಲ್ಲಿ ಇದು ಇನ್ನೂ ಗೋಜಲು. ಅಮ್ಮ ಇವತ್ತಿಗೂ “ಕಲ್ಪನಾ ಹೇಗೆ ಅಳ್ತಿದ್ಲು ಗೊತ್ತಾ” ಎಂದೇ ಹೇಳುವುದು. ಆ ಕಲ್ಪನಾ ಎದುರಿಗೆ ಬಂದು ನಿಂತಿದ್ದರೆ ‘ಬನ್ನಿ, ಕೂತ್ಕೊಳ್ಳಿ’ ಎಂದು ಸೆರಗು ಹೊದ್ದು ಎದ್ದು ನಿಲ್ಲುತ್ತಿದ್ದಳು. ತೆರೆಯ ಮೇಲಿರುವವರೆಗೆ ಏಕವಚನ, ಮನೆಬಾಗಿಲಿಗೆ ಬಂದರೆ ಬಹುವಚನ. ನಾನೂ ಮೇಲೆ ಆನಾಳಿಗೆ ‘ಅವಳು’ ಎಂದು, ಅವಳಾಗಿ ನಟಿಸಿದವರಿಗೆ ‘ಅವರು’ ಎಂದು ಬರೆದುಕೊಂಡೇ ಬಂದಿದ್ದೇನೆ. ಹಾಗಾದರೆ ವಿಲಿಯಂ ಇಷ್ಟು ವರ್ಷ ಅವಳ ಚಿತ್ರಗಳನ್ನು ನೋಡುವಾಗ ‘ಅವಳು’ ಎಂದೇ ಅಂದುಕೊಂಡಿರಬೇಕಲ್ಲ. ಅಂಗಡಿಯ ಬಾಗಿಲು ತೆರೆದು ಅವಳು ಒಳಗೆ ಬಂದ ಗಳಿಗೆಯಲ್ಲಿ ಅವಳು ಅವನಿಗೆ ‘ಅವರು’ ಆಗುತ್ತಾಳೆ, ಅಂದರೆ ಹತ್ತಿರ ಬಂದು ದೂರವಾಗುತ್ತಾಳೆ. ಇದು ಹೊಳೆದ ದಿನ ನನಗೆ ಬ್ಯಾಂಕಿನ ಕೆಲಸದಲ್ಲಿ ಮನಸ್ಸಿರಲಿಲ್ಲ.

ಯಾರು ಮೊದಲು ಎಂಬ ಪ್ರಶ್ನೆಗೆ ನಮ್ಮ ಮನೆಯನ್ನೇ ನೋಡಿದೆ. ಹಳೆ ಮೈಸೂರಿನ ಕಡೆಯ ಎಷ್ಟೋ ಮನೆಗಳಂತೆ ನಮ್ಮಲ್ಲೂ ಅಮ್ಮನಿಗೆ ‘ನೀನು’, ಅಪ್ಪನಿಗೆ ‘ನೀವು’. ಅಪ್ಪ ಅಮ್ಮನಿಗೆ ‘ನೀನು’ ಎನ್ನುತ್ತಾರೆ, ಅಮ್ಮ ಅಪ್ಪನಿಗೆ ‘ರೀ’ ಎನ್ನುತ್ತಾಳೆ, ‘ನೀವು’ ಎನ್ನುತ್ತಾಳೆ. ಸ್ಥಾನದಲ್ಲಿ ಮೇಲಿರುವವರು ಮೊದಲು ಏಕವಚನಕ್ಕೆ ಇಳಿಯಬಹುದು. ಕೆಳಗಿರುವವರು ಅವರಾಗಿ ಹೇಳುವವರೆಗೆ ಕಾಯಬೇಕು. ಹಾಗೆ ನೋಡಿದರೆ ಆನಾ ಮೊದಲು ‘ನೀನು’ ಎನ್ನಬೇಕು, ಏಕೆಂದರೆ ಅವಳು ತಾರೆ. ಆದರೆ ಹಳೆಯ ರೂಢಿಯಂತೆ ಗಂಡಸು ಹೆಂಗಸಿಗೆ ‘ನೀನು’ ಎನ್ನುವುದು ಮೊದಲು. ಒಂದು ಏಣಿಯಲ್ಲಿ ಅವಳು ಮೇಲೆ, ಇನ್ನೊಂದರಲ್ಲಿ ಅವನು ಮೇಲೆ. ನನ್ನ ಗಂಡ ಧಾರವಾಡದ ಕಡೆಯವರು. ಅವರನ್ನು ಕೇಳಿದರೆ “ಇಬ್ಬರಿಗೂ ‘ನೀ’ ಅಂತ ಬರದು ಮುಗಿಸ್ರಿ, ಇದರಾಗ ಏನೈತಿ” ಎಂದರು. ಅಷ್ಟನ್ನು ನನಗೆ ‘ರಿ’ ಹಚ್ಚಿಯೇ ಹೇಳಿದ್ದರು. ಅವರದು ಇನ್ನೊಂದು ಸಲಹೆಯೂ ಇತ್ತು: ವಿಲಿಯಂನ ಜೊತೆ ಮನೆ ಹಂಚಿಕೊಂಡಿರುವ ಸ್ಪೈಕ್‌ನ ಪಾತ್ರ ಮಾಡಿದ ರೀಸ್ ಇವಾನ್ಸ್ ವೇಲ್ಸ್‌ನವರಾದ್ದರಿಂದ, ಅವನ ಉಚ್ಚಾರವೂ ಬೇರೆಯಿರುವುದರಿಂದ, ಅವನಿಗೆ ಉತ್ತರ ಕರ್ನಾಟಕದ ಮಾತು ಕೊಡಬಹುದಲ್ಲ ಎಂದು. ನಾನು ಒಪ್ಪಲಿಲ್ಲ. ಪೆದ್ದನೊಬ್ಬ ಬಂದಾಗಲೆಲ್ಲ ಅವನ ಬಾಯಿಗೆ ಒಂದು ಸೀಮೆಯ ಮಾತನ್ನು ತುರುಕುವ ಚಾಳಿ ನಮ್ಮ ಚಿತ್ರಗಳಲ್ಲಿ ಸಾಕಷ್ಟಿದೆ. ಅಡಿಬರಹದಲ್ಲೂ ಅದು ಬೇಕಿರಲಿಲ್ಲ.

(ಸ್ಪೈಕ್‌ನ ಅಂಗಿಗಳ ಮೇಲಿನ ಬರಹವನ್ನು ಅನುವಾದಿಸುವುದೋ ಬೇಡವೋ ಎಂಬುದೂ ಒಂದು ಸಂಕಟವಾಗಿತ್ತು. ಅವನು ಹುಡುಗಿಯೊಬ್ಬಳನ್ನು ಭೇಟಿಯಾಗಲು ಹೊರಟಾಗ ಆರಿಸಿಕೊಳ್ಳುವ ಟೀ ಶರ್ಟಿನ ಎದೆಯ ಮೇಲೆ ಸಭ್ಯವಾದ ಹೊಗಳಿಕೆ ಇದೆ, ಬೆನ್ನಿನ ಮೇಲೆ ಅಸಭ್ಯವಾದ ಪ್ರಶ್ನೆ ಇದೆ. ಎದೆಯದನ್ನು ಅನುವಾದಿಸಿದೆ. ಬೆನ್ನಿನದು ಇಂಗ್ಲಿಷಿನಲ್ಲೇ ಉಳಿಯಿತು.)

ಹೀಗೆ ಒಂದೊಂದೇ ದೃಶ್ಯವನ್ನು ನೋಡುತ್ತಾ ಹೋದಂತೆ ಸರ್ವನಾಮ ತಾನಾಗಿ ಒಂದು ದಾರಿ ಮಾಡಿಕೊಂಡಿತು. ಅಂಗಡಿಯಲ್ಲಿ ಇಬ್ಬರೂ ‘ನೀವು’. ಅವನ ಮನೆಯಲ್ಲಿ ಬಟ್ಟೆ ಬದಲಿಸಿಕೊಂಡ ಅವಳು ಹೊರಡುವ ಮೊದಲು ಇದ್ದಕ್ಕಿದ್ದಂತೆ ಮುತ್ತಿಟ್ಟ ಮೇಲೂ ‘ನೀವು’ ಎಂದೇ ಉಳಿಸಿದೆ. ಮುತ್ತಿಗೆ ಹೆಚ್ಚು ಹೊತ್ತು ಬೇಕಿಲ್ಲ, ಏಕವಚನಕ್ಕೆ ಬೇಕು. ಅವಳನ್ನು ಕಾಣಲು ಅವನು ರಿಟ್ಜ್ ಹೋಟೆಲಿಗೆ ಹೋಗಿ, ಅಲ್ಲಿ ನಡೆಯುತ್ತಿದ್ದ ಪತ್ರಕರ್ತರ ಸರದಿಯಲ್ಲಿ ಸಿಕ್ಕಿಹಾಕಿಕೊಂಡು, ತಾನು ‘ಹಾರ್ಸ್ ಅಂಡ್ ಹೌಂಡ್’ ಪತ್ರಿಕೆಯವನೆಂದು ಸುಳ್ಳು ಹೇಳುವ ದೃಶ್ಯದಲ್ಲಂತೂ ಬಹುವಚನವೇ ಹಾಸ್ಯ. ಅದು 1884ರಿಂದ ನಡೆದುಕೊಂಡು ಬಂದಿರುವ, ಕುದುರೆ ಸವಾರಿ ಮತ್ತು ಬೇಟೆಯ ನಿಜವಾದ ಬ್ರಿಟಿಷ್ ವಾರಪತ್ರಿಕೆ. ಹೆಸರನ್ನು ಹಾಗೆಯೇ ಬಿಟ್ಟರೆ ಅಮ್ಮನಿಗೆ ನಗು ಬರುವುದಿಲ್ಲವೆಂದು ‘ಕುದುರೆ-ನಾಯಿ ವಾರಪತ್ರಿಕೆ’ ಎಂದು ಬರೆದೆ. ಅಂತರಿಕ್ಷದಲ್ಲಿ ನಡೆಯುವ ಅವಳ ಹೊಸ ಚಿತ್ರದಲ್ಲಿ ಕುದುರೆಗಳಿವೆಯೇ ಎಂದು ಅವನು ಕೇಳಬೇಕಾಗುತ್ತದೆ; ಪಕ್ಕದಲ್ಲಿ ಕೇಳಿಸಿಕೊಳ್ಳುವವರಿದ್ದಾರೆ, ಇಬ್ಬರಿಗೂ ಒಳಗೊಳಗೆ ನಗು. ಅಲ್ಲಿಯ ‘ನೀವು’ ಮೊದಲ ದೃಶ್ಯದ ‘ನೀವು’ ಅಲ್ಲ.

ಅವನ ತಂಗಿಯ ಹುಟ್ಟುಹಬ್ಬದ ಊಟದಲ್ಲಿ ಕೆಲಸ ಹೆಚ್ಚಾಯಿತು. ತಂಗಿಯ ಹೆಸರು ಹನಿ, ಸ್ನೇಹಿತೆಯ ಹೆಸರು ಬೆಲ್ಲಾ. ಅಮ್ಮ ಇದನ್ನು ಓದಿ “ಇವರ ಮನೇಲಿ ಎಲ್ಲಾ ಸಿಹಿನೇ” ಎಂದಳು. ವಿಲಿಯಂ ತನ್ನವರಿಗೆ ಆನಾಳನ್ನು ಪರಿಚಯಿಸುವಾಗ ‘ಇವಳು’ ಎಂದರೆ ಅತಿಯಾಯಿತು, ‘ಇವರು’ ಎಂದರೆ ಜೊತೆಗೆ ಕರೆದುಕೊಂಡು ಬಂದವಳಂತಾಗುವುದಿಲ್ಲ. ‘ಈಕೆ’ ಎಂಬುದು ಬರಹದಲ್ಲಿ ಚೆಂದ, ಬಾಯಲ್ಲಿ ಯಾರೂ ಅನ್ನುವುದಿಲ್ಲ. ಕೊನೆಗೆ ಬರಿಯ ಹೆಸರು ಹಾಕಿ ತಪ್ಪಿಸಿಕೊಂಡೆ. ಅವಳ ಹುಚ್ಚು ಅಭಿಮಾನಿಯಾದ ಹನಿಯ ಬಾಯಲ್ಲಿ ಯಾವ ಸರ್ವನಾಮವೂ ಸರಿಹೋಗದೆ ಒದ್ದಾಡುತ್ತಿದ್ದಾಗ ಅಮ್ಮನೇ ಬಿಡಿಸಿಕೊಟ್ಟಳು: “‘ಅಕ್ಕಾ’ ಅನ್ಲಿ. ನಾವು ಅಷ್ಟು ಇಷ್ಟ ಇರೋರನ್ನ ಹಾಗೇ ಅಲ್ವಾ ಅನ್ನೋದು.” ಅಣ್ಣಾವ್ರು ಎಂದು ಒಬ್ಬ ನಟನನ್ನು ನಾಡೇ ಕರೆದದ್ದು ನೆನಪಾಗಿ, ನನಗೇ ಏಕೆ ಹೊಳೆಯಲಿಲ್ಲವೆಂದು ಬೇಸರವಾಯಿತು. ಆ ಊಟದಲ್ಲಿ ಆನಾ ಯಾರೆಂದೇ ಗೊತ್ತಿಲ್ಲದ ಬರ್ನಿ ಎಂಬ ಪೆದ್ದು ಸ್ನೇಹಿತ, ನಟನೆಯಲ್ಲಿ ಸಂಬಳ ಬಹಳ ಕಡಿಮೆಯಂತಲ್ಲ ಎಂದು ಕನಿಕರಿಸಿ, ಹಿಂದಿನ ಚಿತ್ರಕ್ಕೆ ಎಷ್ಟು ಸಿಕ್ಕಿತೆಂದು ಕೇಳುತ್ತಾನೆ. ಅವಳು 15 ಮಿಲಿಯನ್ ಡಾಲರ್ ಎನ್ನುತ್ತಾಳೆ. ಇದನ್ನು ‘ಒಂದೂವರೆ ಕೋಟಿ ಡಾಲರ್’ ಎಂದು ಬರೆದಿದ್ದೆ. ಅಮ್ಮ ಅದನ್ನು ಓದಿ ನಗುವ ಬದಲು ಬೆರಳು ಮಡಿಚಿ ರೂಪಾಯಿಗೆ ಲೆಕ್ಕ ಹಾಕತೊಡಗಿದ್ದರಿಂದ ಮುಂದಿನ ಎರಡು ತುಣುಕುಗಳು ಹಾಗೇ ಹೋದವು.

‘ನೀನು’ ಎಂಬ ಪದ ಈ ಚಿತ್ರದಲ್ಲಿ ವಿಲಿಯಂನ ಕಿವಿಗೆ ಮೊದಲು ಬಿದ್ದದ್ದು ಆನಾಳಿಂದಲ್ಲ. ಅವಳ ಕೋಣೆಗೆ ಅವನು ಹೋದಾಗ ಅಲ್ಲಿ ಅವಳ ಪ್ರಿಯಕರನಾದ ಇನ್ನೊಬ್ಬ ತಾರೆ ಬಂದು ಕುಳಿತಿರುತ್ತಾನೆ. ಅವನು ವಿಲಿಯಂನನ್ನು ಹೋಟೆಲಿನ ಆಳೆಂದು ತಿಳಿದು ಕೆಲಸ ಹೇಳುತ್ತಾನೆ. ಆನಾಳ ಮಾನ ಉಳಿಸಲು ಇವನೂ ಆಳಿನಂತೆಯೇ ನಟಿಸುತ್ತಾನೆ. ಇಂಗ್ಲಿಷಿನಲ್ಲಿ ಆ ತಾರೆಯ ಮಾತಿನಲ್ಲಿ ಒರಟುತನವೇನೂ ಇಲ್ಲ. ಕನ್ನಡದಲ್ಲಿ ಅವನು ‘ನೀವು’ ಎನ್ನಲು ಸಾಧ್ಯವೇ ಇಲ್ಲ. ‘ಸ್ವಲ್ಪ ಬೇಗ ತಂದ್ಬಿಡಪ್ಪ’ ಎಂದು ಬರೆದೆ. ಆ ‘ಪ್ಪ’ದಲ್ಲಿ ಬೈಗುಳವಿಲ್ಲ, ಆದರೆ ಕೆಳಗೆ ನಿಲ್ಲಿಸುವುದಿದೆ. ನಾನು ತಿಂಗಳುಗಟ್ಟಲೆ ಒಲವಿನ ಏಕವಚನಕ್ಕಾಗಿ ಜಾಗ ಹುಡುಕುತ್ತಿದ್ದರೆ, ಅವಮಾನದ ಏಕವಚನ ಕೇಳದೆಯೇ ಬಂದು ಕುಳಿತಿತ್ತು.

ಇದಾದ ಮೇಲೆ ತಿಂಗಳುಗಳು ಕಳೆದು, ಹಳೆಯ ಫೋಟೋಗಳ ಹಗರಣವೊಂದರಿಂದ ತಪ್ಪಿಸಿಕೊಳ್ಳಲು ಆನಾ ಅವನ ಮನೆಗೆ ಬರುತ್ತಾಳೆ. ಮಾಳಿಗೆಯ ಮೇಲೆ ಕುಳಿತು ಅವಳ ಮುಂದಿನ ಚಿತ್ರದ ಸಂಭಾಷಣೆಯನ್ನು ಬಾಯಿಪಾಠ ಮಾಡಿಸುವ ಒಂದು ಸಣ್ಣ ದೃಶ್ಯವಿದೆ. ಅದು ಸೇನೆಯ ಯಾವುದೋ ಕಾರ್ಯಾಚರಣೆಯ ಮಾತು. ಆಜ್ಞೆ ಕೊಡುವ ಪಾತ್ರ ಅವಳದು, ವರದಿ ಒಪ್ಪಿಸುವ ಅಧೀನನ ಮಾತನ್ನು ಇವನು ಓದುತ್ತಾನೆ. ಅಧಿಕಾರಿಯಾಗಿ ಅವಳು ‘ಹೇಳು’ ಎನ್ನಬೇಕು, ‘ಹೇಳಿ’ ಎನ್ನುವಂತಿಲ್ಲ. ಹೀಗೆ ಆನಾ ವಿಲಿಯಂನಿಗೆ ಮೊದಲ ಸಲ ಏಕವಚನ ಬಳಸಿದ್ದು ಇನ್ನೊಬ್ಬಳ ಪಾತ್ರದ ಬಾಯಿಂದ. ಅದೇ ರಾತ್ರಿ ಅವಳು ಮೆಟ್ಟಿಲಿಳಿದು ಬಂದಾಗ ಅದನ್ನು ಸ್ವಂತ ಬಾಯಿಂದ ಹೇಳುತ್ತಾಳೆ. ಇದನ್ನು ನಾನು ಯೋಜಿಸಿರಲಿಲ್ಲ, ಮೂಲದಲ್ಲಿ ಅದರ ಸುಳಿವೂ ಇಲ್ಲ. ಕೆಲಸದ ನಡುವೆ ದಾರಿಯಲ್ಲಿ ಬಿದ್ದು ಸಿಕ್ಕಿತು. ಅವನೂ ಆ ರಾತ್ರಿಯೇ ‘ನೀನು’ ಎನ್ನುತ್ತಾನೆ; ಮೊದಲ ಸಲ ಎನ್ನುವಾಗ ಆ ತುಣುಕನ್ನು ಅರ್ಧ ಸೆಕೆಂಡು ತಡವಾಗಿ ಮೂಡಿಸಿದ್ದೇನೆ. ಯಾರೂ ಗಮನಿಸಲಿಕ್ಕಿಲ್ಲ.

ಬೆಳಗಾದರೆ ಬಾಗಿಲ ಮುಂದೆ ಪತ್ರಿಕೆಯವರ ಸಂತೆ. ಇದು ಇವನದೇ ಕೈವಾಡವೆಂದು ತಿಳಿದ ಆನಾ ಸಿಟ್ಟಿನಿಂದ ಹೊರಟು ನಿಂತಾಗ ಇಂಗ್ಲಿಷಿನಲ್ಲಿ ಧ್ವನಿ ಏರುವುದನ್ನು ಬಿಟ್ಟರೆ ಮಾತಿನ ರೂಪ ಬದಲಾಗುವುದಿಲ್ಲ. ನನ್ನ ಕಡತದಲ್ಲಿ ಅವಳು ಮತ್ತೆ ‘ನೀವು’ ಎನ್ನತೊಡಗುತ್ತಾಳೆ. ಮನೆಯವರಿಗೆ ಸಿಟ್ಟಿನಲ್ಲಿ ಬಹುವಚನ ಹಚ್ಚುವುದರ ಬಿಸಿ ಕನ್ನಡದವರಿಗೆ ಹೇಳಬೇಕಾದ್ದಿಲ್ಲ. ಅವನು ಮೂರು ವಾಕ್ಯಗಳವರೆಗೆ ‘ನೀನು’ ಎಂದೇ ಅಂಗಲಾಚಿ, ನಾಲ್ಕನೆಯದರಲ್ಲಿ ಸೋತು ತಾನೂ ‘ನೀವು’ ಎನ್ನುತ್ತಾನೆ. ಇಡೀ ಕೆಲಸದಲ್ಲಿ ನನಗೆ ತೃಪ್ತಿ ಕೊಟ್ಟ ಜಾಗ ಅದೊಂದೇ.

ಆಮೇಲೆ ಬರುವ, ಪೋರ್ಟೊಬೆಲ್ಲೊ ರಸ್ತೆಯ ಸಂತೆಯಲ್ಲಿ ಅವನು ಒಂದೇ ನಡಿಗೆಯಲ್ಲಿ ಒಂದು ವರ್ಷವನ್ನು ದಾಟುವ ದೃಶ್ಯಕ್ಕೆ ಮಾತೇ ಇಲ್ಲ. ಮಳೆ, ಹಿಮ, ಬಿಸಿಲು ಬಂದು ಹೋಗುತ್ತವೆ, ಹಿನ್ನೆಲೆಯಲ್ಲಿ ಹಾಡು. ನಡಿಗೆಯ ಆರಂಭದಲ್ಲಿ ಕಾಣುವ ಬಸುರಿ ಕೊನೆಯಲ್ಲಿ ಮಗುವನ್ನೆತ್ತಿಕೊಂಡಿರುತ್ತಾಳೆ ಎಂಬುದನ್ನು ಅಮ್ಮ ಮೊದಲ ನೋಟದಲ್ಲೇ ಹಿಡಿದಳು. ನನಗೆ ಅದು ಕಂಡದ್ದು ಎಷ್ಟೋ ಸಲ ನೋಡಿದ ಮೇಲೆ.

ಅಮ್ಮನೊಂದಿಗೆ ಜಗಳವಾದದ್ದು ಅದರ ಮುಂದಿನ ಭಾಗಕ್ಕೆ. ಚಿತ್ರೀಕರಣದ ಜಾಗಕ್ಕೆ ಹೋದ ವಿಲಿಯಂನ ಕಿವಿಗೆ ಶಬ್ದಗ್ರಹಣದವರು ಹೆಡ್‌ಫೋನ್ ಕೊಟ್ಟಿರುತ್ತಾರೆ. ಅವನ್ಯಾರು ಎಂದು ಸಹನಟ ಕೇಳಿದ್ದಕ್ಕೆ, ಯಾರೂ ಅಲ್ಲ, ಹಿಂದೆ ಯಾವಾಗಲೋ ಗೊತ್ತಿದ್ದವರು ಎಂಬರ್ಥದಲ್ಲಿ ಆನಾ ಹೇಳುವುದು ಅವನಿಗೆ ಕೇಳಿಸುತ್ತದೆ. ‘ಯಾರೋ ಒಬ್ಬ’ ಎನ್ನಬೇಕೋ ‘ಯಾರೋ ಒಬ್ಬರು’ ಎನ್ನಬೇಕೋ? ಏಕವಚನ ಹೆಚ್ಚು ನೋಯಿಸುತ್ತದೆಂದು ಅಮ್ಮನ ವಾದ. ‘ಒಬ್ಬ’ ಎನ್ನುವುದರಲ್ಲಿ ತಾತ್ಸಾರವಾದರೂ ಇದೆ, ತಾತ್ಸಾರಕ್ಕೆ ಪರಿಚಯ ಬೇಕು; ‘ಒಬ್ಬರು’ ಎಂದರೆ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ಎಂಬುದು ನನ್ನ ವಾದ. ‘ಒಬ್ಬರು’ ಎಂದೇ ಉಳಿಸಿದೆ. ಅಮ್ಮ ಎರಡು ದಿನ ಅದನ್ನೇ ಹೇಳುತ್ತಿದ್ದಳು.

ಕೊನೆಗೆ ಎಲ್ಲರಿಗೂ ಗೊತ್ತಿರುವ ಆ ಮಾತಿನ ಸರದಿ ಬಂತು. ಆನಾ ಕಾಗದದಲ್ಲಿ ಸುತ್ತಿದ ಉಡುಗೊರೆಯನ್ನು ಹಿಡಿದು ಅವನ ಅಂಗಡಿಗೆ ಬಂದು, ತನ್ನನ್ನು ಮತ್ತೆ ಇಷ್ಟಪಡಲು ಸಾಧ್ಯವೇ ಎಂದು ಕೇಳುತ್ತಾಳೆ. ಆಮೇಲೆ ತಿಳಿಯುವಂತೆ ಅದು ಹೆಸರಾಂತ ಚಿತ್ರಕಾರ ಮಾರ್ಕ್ ಶಗಾಲ್ ಅವರ ವರ್ಣಚಿತ್ರವೊಂದರ ಮೂಲಪ್ರತಿ. ಅವನು ಬಹಳ ಮರ್ಯಾದೆಯಿಂದ, ಬಹುವಚನದಲ್ಲೇ ಒಲ್ಲೆನೆನ್ನುತ್ತಾನೆ. ಆಗ ಅವಳು, ಖ್ಯಾತಿಯನ್ನೆಲ್ಲ ಬದಿಗಿಟ್ಟು ನೋಡಿದರೆ ತಾನು ಹುಡುಗನ ಮುಂದೆ ಬಂದು ನಿಂತ ಬರಿಯ ಒಬ್ಬ ಹುಡುಗಿ ಎಂದು ಹೇಳುವ ಮಾತಿಗೆ ಯಾವ ಸರ್ವನಾಮ ಹಾಕುವುದೆಂದು ಎರಡು ವಾರ ಹೆದರಿಕೊಂಡೇ ಇದ್ದೆ. ಹತ್ತಿರ ಹೋಗಿ ನೋಡಿದರೆ ಮೂಲದ ಆ ವಾಕ್ಯದಲ್ಲಿ ‘ನೀನು’ವೂ ಇಲ್ಲ, ‘ನೀವು’ ಕೂಡ ಇಲ್ಲ. ಹುಡುಗ, ಹುಡುಗಿ ಎಂದು ಇಬ್ಬರನ್ನೂ ದೂರದಲ್ಲಿ ನಿಲ್ಲಿಸಿ, ಬೇರೆ ಯಾರದೋ ಕಥೆಯಂತೆ ಹೇಳುತ್ತಾಳೆ. ಕನ್ನಡದಲ್ಲಿ ಹೇಳಬಹುದಾಗಿದ್ದ ಎಲ್ಲ ತಾರತಮ್ಯವನ್ನೂ ಹಾರಿಹೋದ ವಾಕ್ಯ ಅದು. ತೊಡಕು ಉಳಿದದ್ದು ಕ್ರಿಯಾಪದದಲ್ಲಿ ಮಾತ್ರ: ‘ಪ್ರೀತಿಸು’ ಎಂದು ಬರೆದದ್ದನ್ನು ಓದಿ ಅಮ್ಮ, “ಹಾಗಂತ ಯಾರೇ ಕೇಳ್ತಾರೆ, ಅದು ಹಾಡಲ್ಲಿ ಬರೋದು” ಎಂದಳು. ಅವಳು ಹೇಳಿದ್ದು ಸರಿ. ‘ನನ್ನ ಇಷ್ಟಪಡ್ತೀಯಾ ಅಂತ ಕೇಳ್ತಿದಾಳೆ’ ಎಂದು ಬದಲಾಯಿಸಿದೆ. ಆ ‘ತೀಯಾ’ದಲ್ಲಿ ಏಕವಚನ ಕೊನೆಗೂ ನುಸುಳಿಕೊಂಡಿತು.

ಮುಗಿದ ಕಡತವನ್ನು ಪೆನ್‌ಡ್ರೈವಿಗೆ ಹಾಕಿ ಒಂದು ಶನಿವಾರ ಸಂಜೆ ಟೀವಿಗೆ ಚುಚ್ಚಿದರೆ ಕನ್ನಡದ ಬದಲು ಸಾಲುಸಾಲಾಗಿ ಖಾಲಿ ಚೌಕಗಳು ಬಂದವು. ಆ ಟೀವಿಯಲ್ಲಿ ಕನ್ನಡದ ಅಕ್ಷರವಿನ್ಯಾಸವೇ ಇರಲಿಲ್ಲ. ಅಪ್ಪ ಕುರ್ಚಿಯಲ್ಲಿ ಒರಗಿ, “ನಾಲ್ಕು ತಿಂಗಳು ಬರೆದದ್ದು ಇದೇನಾ?” ಎಂದರು. ಅಡಿಬರಹವನ್ನು ಚಿತ್ರದ ಮೇಲೇ ಅಚ್ಚಾಗಿಸಿ ಹೊಸ ಕಡತ ಮಾಡುವುದರಲ್ಲಿ ಆ ರಾತ್ರಿ ಕಳೆಯಿತು. ಅದರಲ್ಲೂ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಯನ್ನು ತಾಗುತ್ತಿದ್ದುದರಿಂದ ಸಾಲುಗಳ ನಡುವಿನ ಜಾಗವನ್ನು ಎರಡು ಸಲ ಹೆಚ್ಚಿಸಬೇಕಾಯಿತು.

ಭಾನುವಾರ ಇಡೀ ಚಿತ್ರ ನೋಡಿದೆವು. ಕೊನೆಯಲ್ಲಿ ವಿಲಿಯಂ ಸ್ನೇಹಿತರೆಲ್ಲರ ಜೊತೆ ಕಾರಿನಲ್ಲಿ ತುರುಕಿಕೊಂಡು ಸವಾಯ್ ಹೋಟೆಲಿನ ಪತ್ರಿಕಾಗೋಷ್ಠಿಗೆ ಓಡುತ್ತಾನೆ. ನೂರಾರು ಜನರ ನಡುವೆ ಎದ್ದು ನಿಂತು, ಮತ್ತೆ ಅದೇ ಕುದುರೆ-ನಾಯಿ ವಾರಪತ್ರಿಕೆಯವನಾಗಿ, ಥ್ಯಾಕರ್ ಎಂಬುವರು ತಮ್ಮ ತಪ್ಪನ್ನು ತಿದ್ದಿಕೊಂಡರೆ ತಾವು ಮರುಯೋಚನೆ ಮಾಡುವಿರೇ ಎಂದು ಕೇಳುತ್ತಾನೆ. ಇಲ್ಲಿ ‘ನೀವು’ ಸಾಲದೆಂದು ‘ತಾವು’ ಎಂದು ಬರೆದಿದ್ದೆ. ಅಮ್ಮ ಓದಿದವಳೇ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. “‘ತಾವು’ ಅಂತೆ! ನೋಡಿ, ಹೇಗೆ ಕೇಳ್ತಾನೆ” ಎಂದು ಅಪ್ಪನ ತೋಳನ್ನು ತಟ್ಟಿದಳು. ಅಪ್ಪ ನಿದ್ದೆಯಿಂದ ಎದ್ದು ಯಾರು, ಏನು ಎಂದು ಕೇಳಿದರು.

ಮದುವೆಯ ದೃಶ್ಯವಾಗಿ, ಕಡೆಗೆ ಉದ್ಯಾನದ ಬೆಂಚಿನ ಮೇಲೆ ಅವನು ಪುಸ್ತಕ ಓದುತ್ತಾ, ಬಸುರಿಯಾದ ಅವಳು ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿರುವಲ್ಲಿಗೆ ಚಿತ್ರ ಮುಗಿಯುತ್ತದೆ. ಅಮ್ಮ ಕನ್ನಡಕ ತೆಗೆಯದೆ ಪರದೆಯ ಕೆಳಭಾಗವನ್ನೇ ನೋಡುತ್ತಿದ್ದಳು.

“ಇಲ್ಲಿ ಏನೂ ಬರೀಲಿಲ್ವಲ್ಲೇ?”

“ಇಲ್ಲಿ ಮಾತೇ ಇಲ್ಲಮ್ಮಾ. ಇಬ್ಬರೂ ಸುಮ್ಮನೆ ಕೂತಿದಾರೆ.”

“ಮದುವೆ ಆದ್ಮೇಲೆ ಅವನನ್ನ ಏನಂತ ಕರೀತಾಳೆ ಹಾಗಾದ್ರೆ?”

ನೀನೇ ಹೇಳು ಎಂದೆ. ಅಮ್ಮ ಅಪ್ಪನ ಕಡೆಗೊಮ್ಮೆ ನೋಡಿದಳು. ಅವರು ಮತ್ತೆ ಕಣ್ಣು ಮುಚ್ಚಿದ್ದರು.

“‘ರೀ, ಆ ಪುಸ್ತಕ ಕೆಳಗಿಡಿ ಸಾಕು’ ಅಂತಾಳೆ” ಎಂದು ಹೇಳಿ ಕಾಫಿ ಬಿಸಿ ಮಾಡಲು ಎದ್ದಳು.